ನನಗ ಆಗಂಗಿಲ್ಲರಿ

ಹಸಿ ತೊಗರಿಯ ರಾಶಿಗೆ ಇಬ್ಬರ ಕೈಯೂ ಒಟ್ಟಿಗೇ ಇಳಿದವು. ಮಹಾನಂದಾ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು.

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ನಾರಾಯಣಖೇಡದ ಕಾಯಿಪಲ್ಲೆ ಬಜಾರಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಎದುರಿಗಿದ್ದವನು ಅವಳ ಮುಖಕ್ಕಿಂತ ಮೊದಲು ಕೈಯಲ್ಲಿದ್ದ ಚೀಟಿ ನೋಡಿದ.

"ಭಜ್ಜಿಗಿ ಬರೇ ಇಷ್ಟೇ ಬರ್ದೀರಿ? ಬಾರಿಹಣ್ಣಿಲ್ಲ, ಹುಣಸಿ ಇಲ್ಲ. ಮನ್ಯಾಗ ಹೇಳಾವ್ರು ಯಾರೂ ಇಲ್ಲೇನ್ರಿ?"

"ಇದ್ದರು," ಎಂದಳು ಮಹಾನಂದಾ.

ಆ ಒಂದು ಪದ ಕೇಳಿ ಅವನ ಮುಖದ ನಗು ಇಳಿದುಹೋಯಿತು. ಅವಳ ಚೀಲ ಹಿಡಿದು ಅಂಗಡಿಯಿಂದ ಅಂಗಡಿಗೆ ನಡೆದ. ಹಸಿ ಕಡಲೆ, ಅವರೆ, ಬಟಾಣಿ, ಗಜ್ಜರಿ, ಬದನೆ, ಮೆಂತ್ಯ, ಪುಂಡಿಪಲ್ಯ... ಭಜ್ಜಿ ಎಂದರೆ ಚಳಿಗಾಲದ ಹೊಲ ಕೊಟ್ಟದ್ದೆಲ್ಲ ಒಂದೇ ಗಡಿಗೆಯಲ್ಲಿ ಬೇಯಬೇಕಂತೆ. ಕಡಲೆಹಿಟ್ಟನ್ನು ಕಡೆಗೇ ಹಾಕಬೇಕಂತೆ, ಮೊದಲೇ ಹಾಕಿದರೆ ತಳ ಹಿಡಿಯುತ್ತದಂತೆ.

ಅವ್ವ ತೀರಿಕೊಂಡ ಮೇಲಿನ ಮೊದಲ ಹಬ್ಬ ಅದು. ಮನೆಯಲ್ಲಿ ಆ ಚೀಲ ಬಿಚ್ಚುವಾಗ ಮಹಾನಂದಾ ಎಷ್ಟೋ ತಿಂಗಳ ಮೇಲೆ ಮನಸ್ಸು ಬಿಟ್ಟು ಅತ್ತಳು.

ಅವನ ಹೆಸರು ಸತೀಶಕುಮಾರ. ರಾಯಿಕೋಡಿನ ದನದ ದವಾಖಾನೆಯಲ್ಲಿ ಸಹಾಯಕ. ಬಶೀರಾಬಾದಿನಲ್ಲಿ ತಾಯಿ ಈಶಮ್ಮ ಇದ್ದಳು. ಮಹಾನಂದಾ ಬೀದರಿನಲ್ಲಿ ಓದಿ, ನಾರಾಯಣಖೇಡದ ಕನ್ನಡ ಶಾಲೆಗೆ ಟೀಚರಾಗಿ ಬಂದು, ಸೋದರತ್ತೆ ಶಕುಂತಲಾಬಾಯಿಯ ಮನೆಯಲ್ಲಿ ಉಳಿದಿದ್ದಳು. ಆ ಹಬ್ಬಕ್ಕೆ ಅತ್ತೆ ಊರಿನಲ್ಲಿರಲಿಲ್ಲ.

ಎರಡನೇ ಸಲ ಸಿಕ್ಕಾಗಲೇ ಅವನು ತನ್ನ ಜಾತಿ ಹೇಳಿಬಿಟ್ಟ. ಲಿಂಗ ಕಟ್ಟಿದ ನಿಮ್ಮ ಮನೆಯವರು ನಮ್ಮ ಓಣಿಗೆ ಬರುವವರಲ್ಲ, ಮೊದಲೇ ಗೊತ್ತಿರಲಿ ಎಂದ. ಅದರಿಂದ ತನಗೇನೂ ಇಲ್ಲ ಎಂದಳು ಮಹಾನಂದಾ. ಅಂದವಳೇ ಯಾರಾದರೂ ಕೇಳಿಸಿಕೊಂಡರೇನೋ ಎಂದು ಸುತ್ತ ನೋಡಿದಳು.

ಅವಳು ಹಾಗೆ ಸುತ್ತ ನೋಡಿದ್ದನ್ನು ಅವನು ನೋಡಿದ.

ಆ ವರ್ಷ ಹೀಗೇ ಹೋಯಿತು. ಬಸ್ ಸ್ಟ್ಯಾಂಡಿನ ಚಹಾ, ಮೆಲ್ಲನೆಯ ಫೋನು. ಮನೆಮಾತು ಕನ್ನಡವಾದರೂ ಅವನು ಓದಿದ್ದೆಲ್ಲ ತೆಲುಗಿನಲ್ಲಿ. ತೆಲುಗಿನಂಥದೇ ಆದ ಕನ್ನಡ ಅಕ್ಷರ ಓದಲು ಬರುತ್ತಿತ್ತು, ಅವಳಿಗಾಗಿ ಬರೆಯಲೂ ಕಲಿತ. ಬರೆಯುವಾಗ ಅವನ ಎಲ್ಲ 'ಳ'ಗಳೂ 'ಲ' ಆಗುತ್ತಿದ್ದವು. ಅವಳು ಒಂದು ದಿನವೂ ತಿದ್ದಲಿಲ್ಲ. ತಿದ್ದಿದರೆ ನೊಂದಾನು ಎಂಬ ಅಂಜಿಕೆ.

ದೀಪಾವಳಿಯಲ್ಲಿ ಅವನು ತಾಯಿಯನ್ನು ಮಾತಾಡಲು ಕಳಿಸಲೇ ಎಂದು ಕೇಳಿದ. ನೋಡೋಣ ಎಂದಳು. ಮತ್ತೆ ಅವನು ಆ ಮಾತು ಎತ್ತಲಿಲ್ಲ.

ಮತ್ತೆ ಎಳ್ಳ ಅಮಾವಾಸ್ಯೆ ಹತ್ತಿರ ಬಂತು. ಹಬ್ಬಕ್ಕೆ ಆರು ದಿನವಿದ್ದಾಗ, ಒಳಗೆ ಅತ್ತೆ ಎಳ್ಳು ಹುರಿಯುತ್ತಿದ್ದಳು. ಮನೆ ತುಂಬ ಅದರದೇ ಘಮ. ಆಗ ಅವನ ಮೆಸೇಜು ಬಂತು.

"ಅವ್ವ ಎಲ್ಲುಂಡಿ ಅಂತಾಲ. ನಿಮಗ ಆಗ್ತದಾ?"

ಅವನ ತಾಯಿ ಎಳ್ಳುಂಡೆ ಕಟ್ಟಿ ಕಳಿಸುತ್ತಾಳೆ! ಮಹಾನಂದಾಳಿಗೆ ಮೊದಲು ನಗು ಬಂತು. ಮರುಗಳಿಗೆಯಲ್ಲಿ ಒಳಗಿದ್ದ ಅತ್ತೆಯ ಕಡೆ ನೋಡಿದಳು. ಡಬ್ಬಿ ಈ ಮನೆಗೆ ಬಂದರೆ? ಯಾರು ಕೊಟ್ಟರು, ಯಾರ ಕೈಯದು ಎಂದು ಅತ್ತೆ ಕೇಳಿದರೆ?

'ಅದು ಎಲ್ಲುಂಡಿ ಅಲ್ಲ, ಎಳ್ಳುಂಡಿ' ಎಂದು ಬರೆದಳು. ಅಳಿಸಿದಳು. ಆಮೇಲೆ ಬಹಳ ಯೋಚಿಸಿ ಕಳಿಸಿದಳು:

"ನನಗ ಆಗಂಗಿಲ್ಲರಿ. ಅವ್ವಾರಿಗಿ ಬ್ಯಾಸರಾ ಮಾಡ್ಕೋಬ್ಯಾಡಂತ ಹೇಳ್ರಿ."

ತಾಸಿನ ಮೇಲೆ ಉತ್ತರ ಬಂತು. "ಸರಿ ಟೀಚರ್."

ಅವನು ಎಂದೂ ಅವಳನ್ನು ಟೀಚರ್ ಅಂದವನಲ್ಲ.

ಆಮೇಲೆ ಫೋನು ಎತ್ತಲಿಲ್ಲ. ದವಾಖಾನೆಗೆ ಹೋದರೆ ರಜೆ ಹಾಕಿ ಊರಿಗೆ ಹೋಗಿದ್ದಾನೆ ಎಂದು ಅಲ್ಲಿಯ ಕಿಷ್ಟಪ್ಪ ಹೇಳಿದ. ತಾಂಡೂರಿಗೆ ವರ್ಗ ಕೇಳಿ ಅರ್ಜಿಯನ್ನೂ ಕೊಟ್ಟಿದ್ದಾನಂತೆ. ಒಂದು ಉಂಡೆ ಬೇಡ ಅಂದದ್ದಕ್ಕೆ ಇಷ್ಟು ಸಿಟ್ಟೇ? ಮಹಾನಂದಾ ಊಟ ಬಿಟ್ಟಳು. ಪಾಠ ಮಾಡುವಾಗ ದನಿ ಒಡೆಯುತ್ತಿತ್ತು. ಇರುವ ಒಬ್ಬನೂ ಹೋದ ಎಂದು ಒಳಗೇ ಯಾರೋ ಹೇಳುತ್ತಿದ್ದರು.

ಹಬ್ಬದ ಹಿಂದಿನ ಬೆಳಗ್ಗೆ ಅತ್ತೆ ಭಜ್ಜಿಗೆಂದು ಅವಳನ್ನು ಬಜಾರಿಗೆ ಕಳಿಸಿದಳು. ಚೀಲ ತುಂಬಿತ್ತು, ಪುಂಡಿಪಲ್ಯ ಒಂದು ಉಳಿದಿತ್ತು. ಪಲ್ಯ ಮಾರುವ ಸಾಯಮ್ಮ ಯಾರೋ ಗಿರಾಕಿಗೆ ತೆಲುಗಿನಲ್ಲಿ ಹೇಳುತ್ತಿದ್ದಳು: "ರೇಪು ಕಾದು, ಎಲ್ಲುಂಡಿ ರಾ."

ನಾಳೆ ಬೇಡ, ನಾಡಿದ್ದು ಬಾ.

ಮಹಾನಂದಾಳ ಕೈಯಿಂದ ಸೊಪ್ಪಿನ ಕಟ್ಟು ಬಿತ್ತು.

ಬಸ್ಸಿನಲ್ಲಿ, ಬಜಾರಿನಲ್ಲಿ ದಿನಾ ಕೇಳುವ ಮಾತು. ಕನ್ನಡ ಅಕ್ಷರದಲ್ಲಿ, ಎಳ್ಳಿನ ಘಮದಲ್ಲಿ, ಅವನ ತಪ್ಪು 'ಲ'ಕಾರದ ರೂಢಿಯಲ್ಲಿ ಅದು ಅವಳಿಗೆ ಉಂಡೆಯಾಗಿ ಕಂಡಿತ್ತು. ಅವನು ಕೇಳಿದ್ದೇನು? ಅವ್ವ ನಾಡಿದ್ದು ಮಾತಾಡಲು ಬರುತ್ತಾಳೆ, ನಿಮಗೆ ಆಗುತ್ತದಾ? ತಾನು ಹೇಳಿದ್ದೇನು? ಆಗುವುದಿಲ್ಲ. ನಿನ್ನ ತಾಯಿ ನನ್ನ ಮನೆಯ ಹೊಸ್ತಿಲು ತುಳಿಯುವುದು ಆಗುವುದಿಲ್ಲ...

ಓಡಿಹೋಗಿ ತಪ್ಪಾಯಿತೆಂದು ಹೇಳಿದರೆ ಮುಗಿಯಿತು ಎಂದುಕೊಂಡಳು. ಆದರೆ ಉಂಡೆ ಯಾಕೆ ಬೇಡ ಅಂದೆ ಎಂದು ಕೇಳಿದರೆ?

ಮನೆಗೆ ಹೋಗದೆ ಜಹೀರಾಬಾದಿನ ಬಸ್ಸು ಹತ್ತಿದಳು. ಅಲ್ಲಿಂದ ತಾಂಡೂರು, ತಾಂಡೂರಿನಿಂದ ಬಶೀರಾಬಾದ್. ಕಾಯಿಪಲ್ಲೆಯ ಚೀಲ ತೊಡೆಯ ಮೇಲೇ ಇತ್ತು. ಅತ್ತೆಯ ಕರೆ ಏಳು ಸಲ ಬಂತು. ಒಂದನ್ನೂ ಎತ್ತುವ ಧೈರ್ಯವಾಗಲಿಲ್ಲ.

ಈಶಮ್ಮ ಅಂಗಳದಲ್ಲಿ ಈಳಿಗೆಯ ಮುಂದೆ ಕೂತು ಬದನೆ ಹೆಚ್ಚುತ್ತಿದ್ದಳು. ಸತೀಶಕುಮಾರ ಒಲೆಗೆ ಕಟ್ಟಿಗೆ ಸೀಳುತ್ತಿದ್ದ. ಅವಳನ್ನು ಕಂಡು ಕೊಡಲಿ ಕೆಳಗಿಟ್ಟ, ಹತ್ತಿರ ಬರಲಿಲ್ಲ.

"ಬರ್ರಿ ಟೀಚರಮ್ಮ," ಎಂದಳು ಈಶಮ್ಮ, ಕೈ ನಿಲ್ಲಿಸದೆ. "ನಾ ನಿಮ್ಮ ಮನಿಗಿ ಬರೋದು ಆಗಂಗಿಲ್ಲ. ನೀವು ನಮ್ಮ ಮನಿಗಿ ಬರೋದು ಆಗ್ತದೇನು?"

ಮಹಾನಂದಾ ನಿಂತಲ್ಲೇ ಎಲ್ಲ ಹೇಳಿದಳು. ಆ ಒಂದು ಅಕ್ಷರ, ಬರೆದು ಅಳಿಸಿದ ಆ ಸಾಲು, ಸಾಯಮ್ಮನ ಮಾತು. ಸತೀಶಕುಮಾರ ತನ್ನ ಫೋನು ತೆಗೆದು ಮೆಸೇಜನ್ನು ಮತ್ತೆ ಮತ್ತೆ ಓದಿದ. ಅವನ ಗಂಟಲಿನಿಂದ ನಗುವಿನಂಥದ್ದೊಂದು ಬಂತು, ಅಳುವೂ ಇರಬಹುದು.

"ಅಂದ್ರ ನಿಮಗ ಆಗಂಗಿಲ್ಲ ಅಂದಿದ್ದು ಬರೇ ಎಳ್ಳು. ಅಷ್ಟೇ ಏನ್ರಿ?"

ಹೂಂ ಅಂದರೆ ಸಾಕಿತ್ತು. ಅವನ ಕಣ್ಣು ಅದನ್ನೇ ಬೇಡುತ್ತಿತ್ತು. ಕೈಗೆ ಬಂದ ಈ ಸುಖವನ್ನು ಯಾಕೆ ಕಳೆದುಕೊಳ್ಳಲಿ? ಆದರೆ ಸುಳ್ಳಿನ ಮೇಲೆ ಸುಳ್ಳು ಇಟ್ಟು ಇವನ ಮುಖ ಎಷ್ಟು ದಿನ ನೋಡಲಿ?

"ಎಳ್ಳು ನನಗ ಆಗ್ತದರಿ," ಎಂದಳು. "ಸಣ್ಣಾಕಿದ್ದಾಗಿಂದ ತಿಂತೀನಿ. ಅವ್ವಾರ ಕೈ ಉಂಡಿ ಮನಿಗಿ ಬಂದ್ರ ಅತ್ತಿ ಯಾರ್ದು ಅಂತ ಕೇಳ್ತಾಳಂತ ಅಂಜಿದೆ. ಅದಕ್ಕ ಹಂಗ ಬರ್ದೆ."

ಈಳಿಗೆಯ ಸದ್ದು ನಿಂತಿತು.

ಸತೀಶಕುಮಾರ ಮುಖ ಆ ಕಡೆ ತಿರುಗಿಸಿದ. ಇದಕ್ಕಿಂತ ಆ ತಪ್ಪೇ ಚಲೋ ಇತ್ತು ಎಂದು ಗೋಡೆಗೆ ಹೇಳುವಂತೆ ಹೇಳಿದ. ಮಹಾನಂದಾ ಚೀಲ ಎತ್ತಿಕೊಂಡಳು. ಮುಗಿಯಿತು. ಇನ್ನು ಬಸ್ಸು ಹಿಡಿಯುವುದೊಂದೇ ಉಳಿದದ್ದು...

ಆಗಲೇ ಎಂಟನೆಯ ಸಲ ಫೋನು ಬಡಿದುಕೊಂಡಿತು.

ಈ ಸಲ ಎತ್ತಿದಳು. ಅತ್ತೆ ಕಾಯಿಪಲ್ಲೆ ಎಲ್ಲಿ, ನೀನೆಲ್ಲಿ ಎಂದು ಒಂದೇ ಉಸಿರಿಗೆ ಕೇಳಿದಳು.

"ಬಶೀರಾಬಾದಿನ್ಯಾಗ ಇದ್ದೀನಿ ಅತ್ತಿ. ಈಶಮ್ಮನವರ ಮನ್ಯಾಗ. ಅವರ ಮಗನ್ನ ನಾ ಲಗ್ನ ಆಗಬೇಕಂತ ಮಾಡೀನಿ, ಅವರು ಹೂಂ ಅಂದ್ರ. ಇವತ್ತ ಭಜ್ಜಿ ಇಲ್ಲೇ ಉಣ್ತೀನಿ."

ಯಾವ ಓಣಿ ಎಂದು ಕೇಳಿದಳು ಅತ್ತೆ. ಮಹಾನಂದಾ ಅದನ್ನೂ ಹೇಳಿದಳು. ಹಾಗಾದರೆ ಅಲ್ಲೇ ಇರು ಎಂದು ಅತ್ತೆ ಫೋನಿಟ್ಟಳು.

ಈಶಮ್ಮ ಸಮಾಧಾನ ಹೇಳಲಿಲ್ಲ. ಚೀಲ ಎಳೆದುಕೊಂಡು ಮೊರದ ಮೇಲೆ ಸುರಿದಳು.

"ಕೂಡು. ತೊಗರಿ ಸುಲಿ. ಹುಳ ಇದ್ದರ ನೋಡಿ ತೆಗಿ."

ಮಹಾನಂದಾ ಸುಲಿದಳು. ಕಾಳು ಕಾಣದಷ್ಟು ಕಣ್ಣು ತುಂಬಿತ್ತು. ಗಡಿಗೆ ಕುದಿಯಿತು, ಕಡಲೆಹಿಟ್ಟು ಬಿತ್ತು, ಈಶಮ್ಮ ಸಜ್ಜೆ ರೊಟ್ಟಿಯ ಮೇಲೆ ಭಜ್ಜಿ ಹಾಕಿ ಅವಳ ಕೈಗೆ ಕೊಟ್ಟಳು. ಇನ್ನೂ ಸುಡುತ್ತಿತ್ತು. ಅವಳು ಆರಲು ಬಿಡಲಿಲ್ಲ.

ನಾಲ್ಕರ ಬಸ್ಸಿಗೆ ಸತೀಶಕುಮಾರ ಅವಳ ಜೊತೆ ನಡೆದು ಬಂದ. ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಹತ್ತಿರ ಕೂತಳು. ಅವನು ಕೆಳಗೇ ನಿಂತ.

"ಮನ್ಯಾಗ ಬಾಗಲಾ ತೆಗೀತಾರಾ?"

"ಗೊತ್ತಿಲ್ಲರಿ."

"ಅಂಜಿಕಿ ಆಗ್ಯದಾ?"

"ಭಾಳ."

ಅವನು ಕಿಟಕಿಯ ಸರಳು ಹಿಡಿದುಕೊಂಡ. "ನನಗ ಇನ್ನಾ ಸಿಟ್ಟ್ ಹೋಗಿಲ್ಲ, ಮಹಾನಂದಾ. ಆದ್ರ ನಿಮ್ಮನ್ನ ಒಬ್ಬಾಕಿನ್ನೇ ಕಳಸಾಕ ಮನಸ್ಸ್ ಒಪ್ಪವಲ್ದು. ಸಂಗಟ ಬರ್ಲಾ?"

ಅವಳು ಪಕ್ಕದ ಸೀಟಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಬಾ," ಎಂದಳು.