ಮೇಲಿನ ಕೋಣೆಯ ಲೈನ್

"ಮೇಲಿನ ರೂಮಿನ ಲೈನ್‌ನ್ಯಾಗ ಏನೋ ಗಡಬಡ ಐತ್ರಿ ಮೇಡಂ," ಎಂದ ಸಂಗಮೇಶ.

ಮೇಲಿನ ರೂಮು ನನ್ನದು. ಗಡಬಡ ಏನೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಏನೂ ಅರಿಯದವಳಂತೆ ಕಣ್ಣರಳಿಸಿ, "ಹೌದಾ? ಎಂತ ಇರಬಹುದು?" ಎಂದು ಕೇಳಿದೆ.

ಉಡುಪಿ ಕಡಿಯಾಳಿಯ ನಮ್ಮ ಮನೆಗೆ ಕರೆಂಟಿನ ಲೆಕ್ಕ ಇಡುವ ಯಂತ್ರವೊಂದು ಬಂದದ್ದು ದುಬೈಯಿಂದ, 2009ರಲ್ಲಿ ಅಪ್ಪ ರಜೆಗೆ ಬಂದಾಗ. ಹೆಚ್ಚು ಕರೆಂಟ್ ಎಳೆಯುವ ಒಂದೊಂದು ಲೈನಿನ ವಯರಿಗೂ ಒಂದೊಂದು ಕ್ಲಾಂಪ್ ಕಚ್ಚಿಸಿದರೆ ಸಾಕು. ಗೀಸರ್ ಎಷ್ಟು ತಿನ್ನುತ್ತದೆ, ಪಂಪ್ ಎಷ್ಟು, ಏಸಿ ಇರುವ ಮೇಲಿನ ರೂಮು ಎಷ್ಟು ಎಂದು ಪುಟ್ಟ ಪರದೆಯಲ್ಲಿ ಗೆರೆ ಮೂಡುತ್ತದೆ. ಅದನ್ನು ಕೂರಿಸಲು ಮಣಿಪಾಲದ ಅಂಗಡಿಯವರು ಕಳಿಸಿದ್ದು ಸಂಗಮೇಶನನ್ನು. ಬಾಗಲಕೋಟೆ ಕಡೆಯವನು. ಮಾತು ಕಮ್ಮಿ, ನಗು ಅದಕ್ಕಿಂತ ಕಮ್ಮಿ. ಆದರೆ ಅಪರೂಪಕ್ಕೆ ನಕ್ಕರೆ ಎಡಗೆನ್ನೆಯಲ್ಲೊಂದು ಗುಳಿ. ನನ್ನ ತಲೆ ಕೆಟ್ಟದ್ದು ಆ ಗುಳಿಯಿಂದಲೇ.

ಪ್ರತಿ ಶನಿವಾರ ಯಂತ್ರ ನೋಡಲು ಬರುತ್ತಿದ್ದ. ಬರುವ ಮೊದಲು ಒಂದು ಫೋನು. ಫೋನಿಟ್ಟ ಕೂಡಲೇ ನಾನು ಮೇಲೆ ಓಡಿ, ಕಪಾಟಿನ ಮೂಲೆಯಲ್ಲಿ ಬಿದ್ದಿದ್ದ ಇಸ್ತ್ರಿಪೆಟ್ಟಿಗೆ ತೆಗೆದು ಚೂಡಿದಾರಕ್ಕೆ ಇಸ್ತ್ರಿ ಹಾಕುತ್ತಿದ್ದೆ. ನಮ್ಮ ಮನೆಯ ಬಟ್ಟೆಯೆಲ್ಲ ಇಸ್ತ್ರಿ ಅಂಗಡಿಗೆ ಹೋಗುವುದರಿಂದ ಆ ಪೆಟ್ಟಿಗೆಯ ನೆನಪು ಅಮ್ಮನಿಗೂ ಇರಲಿಲ್ಲ. ಹಾಳಾದ ಯಂತ್ರ ಮಾತ್ರ ಸಾವಿರ ವಾಟ್ ಎಂದು ಗೆರೆ ಎಳೆದು ಚಾಡಿ ಹೇಳುತ್ತಿತ್ತು.

"ಒಳಗೆ ವಯರ್ ಗಿಯರ್ ಸುಡುದಾ ಮಾರಾಯ್ರೆ?" ಅಮ್ಮನಿಗೆ ಹೆದರಿಕೆ. "ಈ ವಾರದೊಳಗೆ ನಿಮಗೆ ಸಿಕ್ಕದಿದ್ರೆ ನಾನು ದೇಜಪ್ಪನನ್ನೇ ಕರೆಸುದು." ದೇಜಪ್ಪ ನಮ್ಮ ಹಳೆಯ ಇಲೆಕ್ಟ್ರಿಷಿಯನ್.

ನನ್ನ ಫಜೀತಿ ಯಾರಿಗೂ ಬೇಡ. ಸಿಕ್ಕಿದರೆ ನನ್ನ ಮಾನ ಹೋಗುತ್ತದೆ, ಸಿಕ್ಕದಿದ್ದರೆ ಇವನೇ ಹೋಗುತ್ತಾನೆ. ಇಷ್ಟಕ್ಕೂ ಇವನ ಮನಸ್ಸಿನಲ್ಲಿ ಏನಿದೆ? ಒಮ್ಮೆ ನನ್ನನ್ನೇ ದಿಟ್ಟಿಸಿ ನೋಡಿದ. ನಾನು ಶಾಲು ಸರಿಮಾಡಿಕೊಂಡೆ. "ಸ್ವಲ್ಪ ಸರೀರಿ ಮೇಡಂ, ನಿಮ್ಮ ಹಿಂದ ಸ್ವಿಚ್ ಐತಿ," ಎಂದ. ಅಂಥವನನ್ನು ಏನೆಂದು ತಿಳಿಯುವುದು?

ಆ ಶುಕ್ರವಾರ ಬೆಳಿಗ್ಗೆ ಫೋನೂ ಇಲ್ಲ, ಏನೂ ಇಲ್ಲ, ಬೆಲ್ ಆಯಿತು. ಬಾಗಿಲು ತೆಗೆದರೆ ಅವನು! ನಾನೋ ಮುದ್ದೆಯಾದ ನೈಟಿಯಲ್ಲಿ, ತಲೆಯಿಂದ ಎಣ್ಣೆ ಇಳಿಸಿಕೊಂಡು ನಿಂತಿದ್ದೇನೆ. ಅವನು ನನ್ನನ್ನು ನೋಡಲೇ ಇಲ್ಲ. ಸೀದಾ ಪರದೆಯ ಹತ್ತಿರ ಹೋದ.

"ಇವತ್ತ ಗೆರಿ ಏರಿಲ್ರಿ!" ಎಂದ ಖುಷಿಯಲ್ಲಿ. "ಫೋನ್ ಮಾಡ್ಲಾರದ ಬಂದ್ರ ಏರಂಗಿಲ್ಲ, ಮಾಡಿದ್ರ ಏರತೈತಿ. ಫೋನಿಗೂ ಈ ಲೈನಿಗೂ ಏನ್ರಿ ಸಂಬಂಧ?"

ನನಗೆ ಸಿಟ್ಟು ನೆತ್ತಿಗೇರಿತು.

"ಇಸ್ತ್ರಿಪೆಟ್ಟಿಗೆ ಮಾರಾಯ್ರೆ! ನೀವು ಬರ್ತೀರಿ ಅಂತ ಗೊತ್ತಾದ್ರೆ ನಾನು ಚೂಡಿದಾರಕ್ಕೆ ಇಸ್ತ್ರಿ ಹಾಕುದು. ನಿಮಗೋಸ್ಕರ! ಅಷ್ಟೂ ಗೊತ್ತಾಗುದಿಲ್ವಾ?"

ಹೇಳಿಬಿಟ್ಟ ಮೇಲೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತ. ಈ ಸಲ ನನ್ನ ಹಿಂದೆ ಯಾವ ಸ್ವಿಚ್ಚೂ ಇರಲಿಲ್ಲ.

"ಎಂತ, ಸಿಕ್ಕಿತಾ?" ಅಂಗಳದಿಂದ ಅಮ್ಮನ ಸ್ವರ. "ದೇಜಪ್ಪನಿಗೆ ಹೇಳ್ಲಾ?"

"ಸಿಕ್ತ್ರಿ ಅಮ್ಮಾರ. ವಯರ್ ಏನೂ ಸುಟ್ಟಿಲ್ಲ. ನನ್ನ ಕೆಲಸ ಮುಗೀತ್ರಿ."

ಮುಗಿಯಿತಂತೆ! ಅವನು ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವನು ಅಲ್ಲೇ ನಿಂತ.

"ಪ್ರಣೀತಾ," ಎಂದ. ಅದುವರೆಗೆ ನಾನು ಬರೀ ಮೇಡಂ. "ಈ ಯಂತ್ರ ಒಂದು ತಿಂಗಳ ಲೆಕ್ಕ ತಾನ ಇಟ್ಕೊಂತೈತ್ರಿ. ವಾರಾ ವಾರಾ ಬಂದು ನೋಡೂ ಅವಶ್ಯಕತೆ ಇರಲಿಲ್ಲ."

ನಾನು ಬಾಗಿಲ ಹತ್ತಿರ ಹೋದೆ.

"ಮತ್ತೆ ಯಾಕೆ ಬರ್ತಾ ಇದ್ದದ್ದು?"

"ಹೆಂಗ ಹೇಳೂದಂತ ತಿಳೀಲಿಲ್ರಿ. ಈಗ ನಮ್ಮವ್ವನ್ನ ಕರ್ಕೊಂಡು ಬರಬೇಕಂತೀನಿ. ಬರಲೇನ್ರಿ?"

ನಮ್ಮದು ತುಳು ಮನೆ, ಅವನದು ಎಲ್ಲೋ ದೂರದ ಊರು. ಅಪ್ಪ ಏನೆನ್ನುತ್ತಾರೋ, ನನಗೊಂದೂ ತೋಚಲಿಲ್ಲ.

"ಬನ್ನಿ," ಎಂದೆ. "ಅಮ್ಮನಿಗೆ ನಾನೇ ಹೇಳ್ತೇನೆ."

ಬಂದ ಧೈರ್ಯ ಹೋಗುವ ಮೊದಲೇ ಅಂಗಳಕ್ಕಿಳಿದು ಅಮ್ಮನನ್ನು ಕರೆದೆ.