ಅರ್ಧಕ್ಕೇ ಇಟ್ಟ ಫೋನ್

"ಫೋನ್ ಇಟ್ಟೇಬಿಟ್ರಲ್ಲ ಡಾಕ್ಟ್ರೇ... ನನ್ನ ಮಾತು ಮುಗಿದಿತ್ತಾ?"

ಇಲೊಯಿಲೊ ನಗರದ ಆ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಲ್ಯಾಬಿನಿಂದ ಮೂರು ಮಹಡಿ ಇಳಿದು ಓಡಿಬಂದಿದ್ದ ಮರಿಫೆಗೆ ಏದುಸಿರು. ಲ್ಯಾಬಿನ ಹುಡುಗಿ ವಾರ್ಡಿಗೇ ಬಂದು ಡಾಕ್ಟರನ್ನು ದಬಾಯಿಸುವುದೆಂದರೇನು!

ಎದುರಿಗೆ ನಿಂತಿದ್ದವನು ಡಾಕ್ಟರ್ ಎಲ್ಮರ್. ಮೂರು ತಿಂಗಳಿಂದ ಫೋನಿನಲ್ಲಿ ಕೇಳುತ್ತಿದ್ದ ದನಿಗೆ ಇವತ್ತು ಮುಖ ಸಿಕ್ಕಿತ್ತು.

'ಅಬ್ಬಾ, ಎಷ್ಟು ಸೊಕ್ಕು ಇವನಿಗೆ...' ಎಂದುಕೊಂಡಳು.

ರಿಸಲ್ಟ್ ಕೇಳಿದವರು ಅದನ್ನು ಪೂರ್ತಿ ತಿರುಗಿ ಹೇಳಿಯೇ ಫೋನ್ ಇಡಬೇಕು. ಅಲ್ಲಿನ ನಿಯಮ ಅದು. ಹತ್ತು ದಿನದ ಕೂಸಿನ ರಕ್ತದಲ್ಲಿ ಸೋಂಕಿದೆ ಎಂಬಷ್ಟನ್ನೇ ಕೇಳಿ ಇವನು ಇಟ್ಟುಬಿಟ್ಟಿದ್ದ.

"ಇಂಜೆಕ್ಷನ್ ಶುರು ಮಾಡ್ಸೋಕೆ ಓಡಿದೆ ಮೇಡಂ. ತಡ ಆಗಬಾರದಲ್ಲ..."

"ಯಾವ್ದು, ಮಾಮೂಲಿ ಕೊಡೋದೇ ತಾನೇ? ಅದು ಈ ಸೋಂಕಿಗೆ ನಾಟೋದೇ ಇಲ್ಲ. ಅದನ್ನ ಹೇಳೋಕೇ ಬಾಯಿ ತೆರೆದಿದ್ದೆ."

ಎಲ್ಮರ್‌ನ ಮುಖ ಬಿಳಿಚಿಕೊಂಡಿತು. ಅವಳ ಕೈಯಿಂದ ರಿಸಲ್ಟಿನ ಚೀಟಿ ಇಸಿದುಕೊಂಡು ಓದಿದ. ಸಿರಿಂಜು ಹಿಡಿದಿದ್ದ ನರ್ಸನ್ನು ತಡೆದು ಬೇರೆ ಔಷಧ ತರಿಸಿದ. ಅದು ಕೂಸಿನ ಮೈಗೆ ಹೋದ ಮೇಲೆ, ಪಕ್ಕದಲ್ಲೇ ಜಪಸರ ಎಣಿಸುತ್ತಿದ್ದ ಅದರ ಲೋಲಾ, ಅಂದರೆ ಅಜ್ಜಿಯತ್ತ ತಿರುಗಿದ.

"ತಪ್ಪು ನಂದು ಲೋಲಾ. ಈ ಮೇಡಂ ಓಡಿ ಬರದಿದ್ರೆ ಕಷ್ಟ ಇತ್ತು."

ಮರಿಫೆಯ ಸಿಟ್ಟು ಸರ್ರನೆ ಇಳಿಯಿತು. ಎಲ್ಲರೆದುರು ಹೀಗೆ ತಪ್ಪೊಪ್ಪಿಕೊಂಡ ಡಾಕ್ಟರನ್ನು ಅವಳು ಕಂಡೇ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವನೇ ಲ್ಯಾಬಿಗೆ ಹತ್ತಿ ಬಂದ. ಕೈಯಲ್ಲಿ ತೆಂಗಿನ ಗರಿ ಸುತ್ತಿ ಬೇಯಿಸಿದ ಅಕ್ಕಿಯ ಕಡುಬು ಇಬೋಸ್, ಇನ್ನೂ ಬಿಸಿಯಿತ್ತು.

"ಮತ್ತೆ ಬೈಸಿಕೊಳ್ಳೋಕೆ ಬಂದ್ರಾ?"

"ಕೂಸಿಗೆ ಜ್ವರ ಬಿಟ್ಟಿದೆ. ಬೆಳಿಗ್ಗೆ ಅಮ್ಮನ ಹಾಲು ಕುಡೀತು."

ಮರಿಫೆ ಮುಖ ತಿರುಗಿಸಿದಳು. ಕಣ್ಣು ತುಂಬಿ ಬಂದಿತ್ತು.

"ಅಯ್ಯೋ, ಅಳ್ತಿದ್ದೀರಾ?"

"ಏಳು ವರ್ಷ ಆಯ್ತು ಡಾಕ್ಟ್ರೇ, ಇಲ್ಲಿ ಕೂತು ರಿಸಲ್ಟ್ ಹೇಳ್ತಾ. ಆ ರೋಗಿಗಳು ಉಳಿದ್ರಾ, ಹೋದ್ರಾ... ಒಬ್ಬರೂ ಮೇಲೆ ಬಂದು ಹೇಳಿಲ್ಲ."

ಎಲ್ಮರ್ ಸ್ಟೂಲ್ ಎಳೆದು ಕೂತ. "ಇನ್ಮೇಲೆ ನಾನು ಬಂದು ಹೇಳ್ತೀನಿ. ದಿನಾ."

"ಅಷ್ಟೊಂದು ಮೆಟ್ಟಿಲು ಯಾಕೆ ಹತ್ತಬೇಕು?"

"ನಿಮಗೋಸ್ಕರ ಮರಿಫೆ. ಈ ಮೂರು ದಿನ ನಿಮ್ಮ ದನಿ ಕೇಳೋಕೇ ಫೋನ್ ಹತ್ರ ಸುಳಿದಾಡ್ತಿದ್ದೆ."

ಅವಳು ಅವನತ್ತ ತಿರುಗಿದಳು.

"ಕೆಟ್ಟ ಸುದ್ದಿ ಇದ್ರೆ?"

"ಅವತ್ತೂ ಬರ್ತೀನಿ. ಅವತ್ತಂತೂ ನಂಗೆ ಒಬ್ಬನೇ ಇರೋಕಾಗಲ್ಲ."

ಮರಿಫೆ ಗ್ಲೌಸ್ ಬಿಚ್ಚಿ, ಕೈ ತೊಳೆದು ಬಂದಳು. ಅವನ ಕೈ ಹಿಡಿದು ಎಬ್ಬಿಸಿದಳು.

"ಏಳಿ. ಲ್ಯಾಬಲ್ಲಿ ತಿನ್ನೋ ಹಾಗಿಲ್ಲ. ಹೊರಗೆ ಕೂತು ಆ ಕೂಸಿನ ವಿಷಯ ಪೂರ್ತಿ ಹೇಳಿ... ನಂಗೂ ನೀವು ಬೇಕು."