ನಿಧಾನವಾಗಿ ಎಳೆಯಬೇಕಿತ್ತು

"ಕರೆದಿದ್ರಂತೆ, ಮೇಡಂ?"

ಪ್ರಯೋಗಾಲಯದ ಬಾಗಿಲಲ್ಲಿ ಅವನು! ಎರಡು ವರ್ಷದ ಮೇಲೆ... ಅವಳು ಎದ್ದು ನಿಂತಳು. 'ಏ ಕೋಪಿಷ್ಠೆ' ಎಂದು ರೇಗಿಸುತ್ತಿದ್ದ ಬಾಯಲ್ಲಿ ಈಗ ಮೇಡಂ!

"ಕೂತ್ಕೋ" ಎಂದಳು. ಅವನು ಕೂರಲಿಲ್ಲ.

ಅವನು ಹೊಸ ಹೊಸ ವಸ್ತುಗಳನ್ನು ತಯಾರಿಸುವವನು. ಅವಳು ಅವನ್ನು ಯಂತ್ರಕ್ಕೆ ಸಿಕ್ಕಿಸಿ, ಹರಿಯುವವರೆಗೆ ಎಳೆದು ಬಲ ಅಳೆಯುವವಳು. ಸವೆದ ಮಂಡಿಯೊಳಗೆ ಮೆತ್ತೆಯಂತೆ ಕೂರುವ ಜೆಲ್ ಒಂದನ್ನು ಅವನು ಮೂರು ವರ್ಷ ಹಟ ಹಿಡಿದು ಮಾಡಿದ್ದ. ಮನೆಯಲ್ಲಿ ಅವನಮ್ಮ ಗೋಡೆ ಹಿಡಿದು ನಡೆಯುತ್ತಿದ್ದರು. ಜೆಲ್ ಪಾಸಾದ ದಿನವೇ ಮದುವೆ ಮಾತು ಎತ್ತೋಣ ಎಂದು ಇಬ್ಬರೂ ಕಾದಿದ್ದರು.

ಆದರೆ ಅವಳು ಎಳೆದ ಹನ್ನೊಂದು ತುಂಡುಗಳೂ ಪಟ್ಟೆಂದು ಹರಿದವು!

"ಇದರಲ್ಲಿ ಗಂಟುಗಳು ಕಮ್ಮಿ. ಉದ್ದುದ್ದ ಎಳೆಗಳು ಒಂದಕ್ಕೊಂದು ಸುತ್ತಿಕೊಂಡಿವೆ ಅಷ್ಟೇ. ಜಾರಿ ಭಾರ ಹಂಚ್ಕೊಳ್ಳೋಕೆ ಅವಕ್ಕೆ ಹೊತ್ತು ಬೇಕು..." ಎಂದು ಅವನು ಬಡಕೊಂಡ. ಸೋತವನ ಸಬೂಬು ಎಂದುಕೊಂಡಳು ಜಾಣೆ! ಸಭೆಯಲ್ಲಿ ಎಲ್ಲರ ಮುಂದೆ, "ಈ ವಸ್ತುವಿನಲ್ಲಿ ದಮ್ಮಿಲ್ಲ" ಎಂದುಬಿಟ್ಟಳು. ಯೋಜನೆ ಮುಚ್ಚಿತು. ಅವನು ಊರು ಬಿಟ್ಟ.

ಮೊನ್ನೆ ಕಪಾಟು ಒರೆಸುವಾಗ, ನೀರಿನ ಜಾಡಿಯಲ್ಲಿ ಆ ಜೆಲ್‌ನ ಒಂದು ತುಂಡು ಉಳಿದಿದ್ದು ಸಿಕ್ಕಿತು. ಯಂತ್ರಕ್ಕೆ ಸಿಕ್ಕಿಸಿ ಹಳೆಯ ದಾಖಲೆ ತೆರೆದರೆ... ಅಯ್ಯೋ, ಎಳೆದ ವೇಗ! ಟೈರಿನ ರಬ್ಬರಿಗೆ ಇಡುವ ವೇಗವನ್ನೇ ಅಂದು ರೂಢಿಯ ಮೇಲೆ ಇಟ್ಟಿದ್ದಳು. ಈಗ ತಗ್ಗಿಸಿ ಎಳೆದಳು. ಒಂಬತ್ತು ಪಟ್ಟು ಹಿಗ್ಗಿತು, ಬಿಟ್ಟರೆ ಮತ್ತೆ ಮೊದಲಿನಷ್ಟೇ! ಅಲ್ಲೇ ಕೂತು ಅತ್ತಳು.

"ತಪ್ಪು ನಂದು" ಎಂದಳು ಈಗ. "ಹಾಗಂತಲೇ ಬರೆದು ಸಹಿ ಹಾಕಿ ಕೊಟ್ಟಿದ್ದೀನಿ. ಯೋಜನೆ ಮತ್ತೆ ಶುರು ಮಾಡ್ತಾರಂತೆ... ಅಮ್ಮ ಹೇಗಿದ್ದಾರೆ?"

"ಈಗ ನಡೆಯೋಕೇ ಆಗಲ್ಲ."

ಅವಳು ಮುಖ ಮುಚ್ಚಿಕೊಂಡಳು.

"ಜೆಲ್ ಹರಿದಿದ್ದಕ್ಕೆ ನಂಗೆ ಬೇಜಾರಿಲ್ಲ" ಎಂದ ಅವನು. "ಎಲ್ಲರ ಮುಂದೆ ಹೇಳೋ ಮುಂಚೆ ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ?"

"ಪ್ರೀತಿಸ್ತಿದ್ದೀನಿ ಅಂತ ನಿನ್ನ ಕಡೆ ವಾಲಿಕೊಂಡು ಮಾತಾಡ್ತಾಳೆ ಅಂದಾರು ಅನ್ನೋ ಭಯ... ಅದಕ್ಕೇ ಕಲ್ಲಾದೆ. ಈಗಲೂ ಪ್ರೀತಿಸ್ತೀನಿ. ಕ್ಷಮಿಸು ಅನ್ನೋಕೂ ಮುಖ ಇಲ್ಲ ನಂಗೆ!"

ಅವನು ಕುರ್ಚಿ ಎಳೆದುಕೊಂಡು ಕೂತ.

"ಆ ಎರಡು ವರ್ಷ ವಾಪಸ್ ಬರಲ್ಲ ಕಣೇ."

"ಗೊತ್ತು..."

"ಅಮ್ಮ ನಿನ್ನ ಕೇಳ್ತಾನೇ ಇರ್ತಾರೆ. ಬರ್ತೀಯಾ?"

"ಬಂದು ಏನಂತ ಹೇಳ್ಲಿ ಅವರಿಗೆ?"

"ನಿಜಾನೇ ಹೇಳು" ಎಂದು ಅವಳ ಕೈ ಹಿಡಿದುಕೊಂಡ. "ಪಕ್ಕದಲ್ಲಿ ನಾನಿರ್ತೀನಿ."